ಒಂದು ನಿಮಿಷದ ಹೊಗೆಗೆ ಮೂರು ದಿನದ ಪಥ್ಯ

ನಮ್ಮ ಸೋದರತ್ತೆಯ ಮೂಗಿನ ಮೇಲೆ ನನಗೆ ಅಪಾರ ಗೌರವ. ಮರಿಯಮ್ಮನಹಳ್ಳಿಯಲ್ಲಿ ಲಾರಿಯವರು ಯಾರಾದರೂ ಬೀಡಿ ಕಟ್ಟು ಬಿಚ್ಚಿದರೆ ಸಾಕು, ಎರಡು ಓಣಿ ಆಚೆ ಮನೆಯಲ್ಲಿ ಕೂತ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಾರೆ. ಇನ್ನೂ ಹಚ್ಚಿರುವುದಿಲ್ಲ, ನೋಡಿ!

ಸಂತೆಯಲ್ಲಿ ಒಂದು ನಿಮಿಷ ಹೊಗೆ ತಾಗಿತೋ, ಮೂರು ದಿನ ಪಥ್ಯ. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವರೇ ತಲೆಸ್ನಾನ. ಉಟ್ಟ ಸೀರೆ ಬಿಸಿನೀರಿಗೆ. ಆಮೇಲೆ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುವುದು. ಆ ಸದ್ದಿಗೆ ತಮ್ಮ ಎಮ್ಮೆ ಹಾಲು ಕೊಡುವುದಿಲ್ಲವೆಂದು ಪಕ್ಕದ ಮನೆಯವರ ದೂರು. ಕೊನೆಗೆ ಸೆರಗಿನ ಗಂಟು ಬಿಚ್ಚಿ, ಅಡಿಕೆಯಷ್ಟು ಬೆಲ್ಲ ಬಾಯಿಗೆ ಹಾಕಿಕೊಂಡು ಬೇವಿನ ಮರದ ಕೆಳಗೆ ಕೂರುತ್ತಾರೆ.

ಕಂಪ್ಲಿಯ ಮದುವೆಯೊಂದರಲ್ಲಿ ಊಟದ ಹೊತ್ತಿಗೆ ಬೀಗರು ಸಿಗರೇಟು ಹಚ್ಚಿದರು. ಅತ್ತೆ ಎಲೆ ಮುಂದಿನಿಂದ ಎದ್ದೇಬಿಟ್ಟರು.

"ಯಾಕ್ರಿ ಅಕ್ಕಾರ, ಏನಾರ ತಪ್ಪಾತೇನ್ರಿ?" ಬೀಗರಿಗೆ ಗಾಬರಿ.

"ಊಟ ಭಾಳ ಚಲೋ ಐತ್ರಿ. ಸ್ವಲ್ಪ ಬಿಸಿನೀರು, ಉಪ್ಪು ಕೊಡಸ್ರಿ. ನೀವು ಸಾವಕಾಶ ಸೇದ್ರಿ, ನಾ ಹೊರಗ ಬದುಕ್ಕೋತೀನಿ."

ಆ ಮದುವೆಯ ವಿಡಿಯೋದಲ್ಲಿ ಇವತ್ತಿಗೂ ಬ್ಯಾಂಡಿಗಿಂತ ಅತ್ತೆ ಬಾಯಿ ಮುಕ್ಕಳಿಸುವುದೇ ಜೋರಾಗಿ ಕೇಳುತ್ತದೆ.

ಹೊಸಪೇಟೆಯ ಡಾಕ್ಟರು ಎಕ್ಸರೇ ಹಿಡಿದು, ಇನ್ನು ಹೊಗೆಯ ಹತ್ತಿರ ಸುಳಿದರೆ ಉಸಿರು ಉಳಿಯುವುದಿಲ್ಲ ಎಂದ ದಿನ ನಮ್ಮ ನಗು ನಿಂತಿತು. ಅತ್ತೆ ಬೀಡಿ ಮುಟ್ಟಿದವರಲ್ಲ. ಸೇದುತ್ತಿದ್ದವರು ಮಾವ. ಸಂಡೂರಿನ ಗಣಿಯಲ್ಲಿ ಕೆಲಸ, ಒಂದೇ ಕೋಣೆಯ ಮನೆ. ಧೂಳಿಗೆ ಗಂಟಲು ಕಟ್ಟದಿರಲೆಂದು ಗಣಿಯಲ್ಲಿ ಕೊಡುತ್ತಿದ್ದ ಬೆಲ್ಲವನ್ನು ದಿನಾ ಜೇಬಿನಲ್ಲಿ ತಂದು, "ಹೊಗಿ ನಂದು, ಬೆಲ್ಲ ನಿಂದು" ಎಂದು ಅತ್ತೆಯ ಕೈಗಿಡುತ್ತಿದ್ದರು. ಕೊನೆಗೆ ಕೆಮ್ಮಿ ಕೆಮ್ಮಿಯೇ ಹೋದರು.

ನಮ್ಮಲ್ಲಿ ಹಿರಿಯರ ಅಮಾವಾಸ್ಯೆಗೆ, ಹೋದವರಿಗೆ ಇಷ್ಟವಾಗಿದ್ದನ್ನೆಲ್ಲ ಎಡೆಯಲ್ಲಿ ಇಡಬೇಕು. ಮಾವನಿಗೆ ಹೋಳಿಗೆಯ ಪಕ್ಕ ಹಚ್ಚಿದ ಬೀಡಿ. ಡಾಕ್ಟರು ಹೇಳಿದ ಮೇಲೆ ಅದನ್ನು ಅಂಗಳದಲ್ಲಿ ಹಚ್ಚಿ ತಂದಿಡುವ ಕೆಲಸ ನನ್ನದು. ಅದು ಆರುವತನಕ ಅತ್ತೆ ಹಿತ್ತಿಲಿನಲ್ಲಿ.

ಈ ಸಲ ಗಾದಿಗನೂರಿನ ಹತ್ತಿರ ಬಸ್ಸು ಕೆಟ್ಟು ನಾನು ತಡವಾಗಿ ಬಂದೆ. ಅತ್ತೆ ತಾವೇ ಹಚ್ಚಿಬಿಟ್ಟಿದ್ದರು. ಎಳೆಯದೆ ಬೀಡಿ ಹತ್ತುತ್ತದೆಯೇ? ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮಾವನ ಫೋಟೋದ ಮುಂದೆ ಉಸಿರಿಗಾಗಿ ಒದ್ದಾಡುತ್ತಿದ್ದರು.

ಎತ್ತಿಕೊಂಡು ಅಂಗಳಕ್ಕೆ ತಂದೆ. ಡಾಕ್ಟರು ಕೊಟ್ಟಿದ್ದ ಪಂಪು ಬಾಯಿಗಿಟ್ಟೆ. ಉಸಿರು ಹದಕ್ಕೆ ಬರಲು ಅರ್ಧ ಗಂಟೆ ಹಿಡಿಯಿತು. ಹೆದರಿಕೆಗೆ ಬೈದುಬಿಟ್ಟೆ.

"ಅತ್ತಿ, ಸಾಯಬೇಕಂತ ಮಾಡೀಯೇನು? ಆ ಬೀಡಿನೇ ಮಾವನ್ನ ತಿಂತು."

"ನಂಗ ಗೊತ್ತಿಲ್ಲೇನಪ. ಬ್ಯಾರೇರದು ಬರೇ ಹೊಗಿ. ಈ ವಾಸ್ನಿ ಬಂದ್ರ ಅವ್ರು ಕೆಲಸ ಮುಗಿಸಿ ಮನಿಗೆ ಬಂದಂಗ ಆಗತೈತಿ."

ನೀರು ಕಾಯಿಸಿಟ್ಟೆ, ಒಗೆದ ಸೀರೆ ತಂದೆ. ಎರಡೂ ಬ್ಯಾಡ ಅಂದರು. ಸೆರಗಿನ ಗಂಟಿನಿಂದ ಬೆಲ್ಲ ತೆಗೆದರು. ಬಾಯಿಗೆ ಹಾಕಿಕೊಳ್ಳಲಿಲ್ಲ, ನನ್ನ ಕೈಗಿಟ್ಟರು.

"ಇದನ್ನ ಎಡಿಗೆ ಇಟ್ಟು ಬಾರಪ. ಅಷ್ಟು ವರ್ಷ ಧೂಳು ಕುಡದ್ರು, ಒಂದ್ ದಿನಾನೂ ತಾವು ತಿನ್ನಲಿಲ್ಲ. ಎಲ್ಲಾ ನಂಗ ತಂದು ಕೊಟ್ರು."