ಮಗನ ಮದ್ದು ಬರುವವರೆಗೆ

ಬದಿಯಡ್ಕದ ಸುತ್ತಮುತ್ತ ಕಂಪ್ಯೂಟರಿನಲ್ಲಿ ಹಂದಿಜ್ವರಕ್ಕೆ ಲಸಿಕೆ ಹುಡುಕುವ ಸಂಶೋಧಕ ನಾನೊಬ್ಬನೇ. ಇದನ್ನು ನಾನಾಗಿಯೇ ಊರಿಗೆಲ್ಲ ಹೇಳಿದ್ದೇನೆ, ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ಹಾಗಾಗಿ ವಾರಕ್ಕೊಂದು ಫಜೀತಿ ನನಗೆ ಖಾಯಂ. ಆ ವರ್ಷ ಜ್ವರ ಎಲ್ಲ ಕಡೆ ಹಬ್ಬಿತ್ತು. ಅಮ್ಮನಿಗೆ ಮೊದಲೇ ಉಬ್ಬಸ. ಡಾಕ್ಟರು, "ಇದರ ಇಂಜೆಕ್ಷನ್ ಬಂದಿದೆ, ಬೇಗ ಹಾಕಿಸಿಕೊಳ್ಳಿ" ಎಂದರು.

"ಬೇಡ. ಮಗ ಮಾಡ್ತಾ ಇದ್ದಾನೆ, ನನಗೆ ಅದೇ ಸಾಕು" ಎಂದು ಅಮ್ಮ ಎದ್ದು ಬಂದಳು.

೧. ಉಪ್ಪಳದಲ್ಲಿ ವೈರಸ್ ನಾಶ

ಲ್ಯಾಪ್‌ಟಾಪ್ ಹ್ಯಾಂಗ್ ಆಗಿ ಕೂತಿತು. ಉಪ್ಪಳದ ರಿಪೇರಿ ಅಂಗಡಿಯ ಕಾಕನಿಗೆ ಕೊಟ್ಟು ಬಂದೆ. ಮರುದಿನ ಹೋದರೆ ಕಾಕ ಗೆದ್ದವರ ಹಾಗೆ ನಗುತ್ತಿದ್ದರು.

"ಎಂತ ಆಗಿತ್ತು ಕಾಕಾ?"

"ಎಂತ ಆಗುವುದು ಮಾರಾಯ, 'ವೈರಸ್' ಅಂತ ಹೆಸರು ಬರೆದುಕೊಂಡೇ ಒಂದು ಫೋಲ್ಡರ್ ಉಂಟು. ಅಷ್ಟು ಧೈರ್ಯದ ವೈರಸ್ ನಾನು ಕಂಡದ್ದಿಲ್ಲ. ಪೂರ್ತಿ ತೆಗೆದು ಬಿಸಾಡಿದೆ."

ಅದು ನನ್ನ ಮೂರು ತಿಂಗಳ ಕೆಲಸ. ನಕಲು ಇಟ್ಟುಕೊಳ್ಳುವುದು ಪುಕ್ಕಲರ ಅಭ್ಯಾಸ ಎಂದು ನಂಬಿದ್ದವನು ನಾನು. ಲೋಕದ ವಿಜ್ಞಾನಿಗಳೆಲ್ಲ ಸೇರಿ ಆಗದ್ದನ್ನು ಕಾಕ ಒಂದೇ ಬೆರಳಿನಲ್ಲಿ ಮುಗಿಸಿದ್ದರು.

೨. ಕರೆಂಟು ಬೇಡ

"ಇನ್ನು ಮೂರು ತಿಂಗಳು ತಾನೇ, ಕಾಯ್ತೇನೆ" ಎಂದಳು ಅಮ್ಮ, ಏದುಸಿರು ಬಿಡುತ್ತಲೇ. ನನಗೆ ಹೆದರಿಕೆ ಹತ್ತಿತು. ಅವಳಿಗೆ ಬುದ್ಧಿ ಹೇಳಲು ಅವಳ ಅಣ್ಣನನ್ನೇ ಕರೆಸಿದೆ. ಮಾವ ಮೊದಲು ಹಿಡಿದದ್ದು ನನ್ನನ್ನು.

"ನಿನ್ನ ಕಂಪ್ಯೂಟರ್ ಎಂತ ಮಾಡ್ತದೆ?"

"ವೈರಸ್ಸಿನ ಯಾವ ತುಂಡು ತೋರಿಸಿದರೆ ನಮ್ಮ ಮೈ ಅದರ ಗುರುತು ಹಿಡಿದು ಹೊಡೀತದೆ ಅಂತ ಮೊದಲೇ ಹೇಳ್ತದೆ."

"ಹೇಳಿದ್ದು ಆಗ್ತದಾ?"

"ಕೆಲವು ಆಗ್ತದೆ, ಕೆಲವು ಇಲ್ಲ. ಲ್ಯಾಬಿನಲ್ಲಿ ನೋಡಬೇಕು."

"ಮಧೂರಿನ ಜೋಯಿಸರದ್ದೂ ಹಾಗೇ" ಎಂದರು ಮಾವ. "ಅವರಿಗೆ ಕರೆಂಟು ಬೇಡ, ಅಷ್ಟೇ ವ್ಯತ್ಯಾಸ."

೩. ಅಮ್ಮನ ಷರತ್ತು

ಕೊನೆಗೆ ನಾನೇ ಅಮ್ಮನ ಎದುರು ಕೂತೆ. ಹುಟ್ಟಿದಂದಿನಿಂದ ನನ್ನ ಬಾಯಿಂದ ಬಾರದ ಮಾತು ಬಂತು. "ಅಮ್ಮಾ, ನಾನು ಮಾಡುವುದು ಮದ್ದಲ್ಲ. ಯಾವ ತುಂಡಿನಿಂದ ಮದ್ದು ಆದೀತು ಅಂತ ಒಂದು ಪಟ್ಟಿ. ಅದು ಬಾಟಲಿಗೆ ಬರುವಾಗ ನನ್ನ ಕೂದಲು ನರೆತಿರ್ತದೆ."

ಅಮ್ಮ ಎದ್ದು ಬಾಗಿಲು ಮುಚ್ಚಿದಳು. "ಇದನ್ನು ಹೊರಗೆ ಹೇಳಬೇಡ. ಮಗ ಮದ್ದು ಮಾಡ್ತಾನೆ ಅಂತ ನಾನೂ ಎಲ್ಲರ ಹತ್ತಿರ ಹೇಳಿ ಆಗಿದೆ." ಆಮೇಲೆ ಸೀರೆ ಬದಲಿಸಿ ಬಂದಳು. "ನಡಿ. ಆದರೆ ನೀನೂ ಚುಚ್ಚಿಸಿಕೊಳ್ಳಬೇಕು."

ಕ್ಲಿನಿಕ್ಕಿನಲ್ಲಿ ಅಮ್ಮ ತೋಳು ಒಡ್ಡಿದಳು, ಮುಗಿಯಿತು. ನನ್ನ ಸರದಿ. ನರ್ಸ್ ಸೂಜಿ ಎತ್ತಿದ್ದು ನೆನಪುಂಟು. ಅದಾದ ಮೇಲೆ ನೆನಪಿರುವುದು ಮೇಲೆ ತಿರುಗುವ ಫ್ಯಾನು, ಅದರ ಕೆಳಗೆ ಅಮ್ಮನ ಮುಖ.

"ಇವರಾ ಲಸಿಕೆ ಮಾಡುವವರು?" ನರ್ಸ್ ಕೇಳುತ್ತಿದ್ದರು.

ಅಮ್ಮ ಸೆರಗಿನಿಂದ ನನಗೆ ಗಾಳಿ ಹಾಕುತ್ತಾ ಹೇಳಿದಳು: "ಹೌದು. ಕಂಪ್ಯೂಟರಿಗೆ ಸೂಜಿ ಇಲ್ಲವಲ್ಲ, ಅದಕ್ಕೇ ಆ ಕೆಲಸ ಹಿಡಿದದ್ದು."