ಬಿಳುಪಿಗೆ ತೊಂಬತ್ತು ಡಿಗ್ರಿ

ಈ ಸಲ ತನ್ನ ಮಗಳ ಕಾಲಿಗೆ ಬೇರೆ ಮನೆಯ ಒಂದೆಳೆ ದಾರವೂ ಸೋಕಕೂಡದು ಎಂದು ಬೊಲಾತ್ತ ಸಾರಿದಾಗ, ಅವಳ ಗಂಡ ಅಪೊಲ್ಲುಸ್ ಕಾಫಿ ಲೋಟದಿಂದ ಮುಖ ಎತ್ತಲಿಲ್ಲ. ಹೆಂಡತಿ ಏನನ್ನಾದರೂ ಸಾರುವ ಹೊತ್ತಿನಲ್ಲಿ ಮುಖ ಎತ್ತಿದವನಿಗೇ ಕೆಲಸ ಅಂಟಿಕೊಳ್ಳುತ್ತದೆ ಎಂಬ ಜ್ಞಾನ ಹದಿನೇಳು ವರ್ಷದ ಸಂಸಾರದಲ್ಲಿ ಅವನಿಗೆ ಲಭಿಸಿತ್ತು.

ಸಾರಿದ್ದೇನೂ ಸಣ್ಣ ಸಂಗತಿಯಲ್ಲ. ಬೇಸಿಗೆಯಲ್ಲಿ ಮಗಳು ನುಕಾಕಳಿಗೆ ಚರ್ಚಿನಲ್ಲಿ ದೃಢೀಕರಣ, ಅಂದರೆ ಹರೆಯಕ್ಕೆ ಬಂದವರು ಸಭೆಯೆದುರು ತಮ್ಮ ನಂಬಿಕೆ ಸಾರುವ ವಿಧಿ. ಅಂದು ಗ್ರೀನ್‌ಲ್ಯಾಂಡಿನ ಯಾವ ಹುಡುಗಿಯಾದರೂ ತೊಡೆಯವರೆಗೆ ಏರುವ ಬಿಳಿಯ ಸೀಲ್ ಚರ್ಮದ ಬೂಟು ತೊಟ್ಟೇ ನಡೆಯಬೇಕು. ಆ ಮನೆಯ ಬೂಟುಗಳನ್ನೆಲ್ಲ ನಲವತ್ತು ವರ್ಷಗಳಿಂದ ಹದಮಾಡಿ ಹೊಲಿದವಳು ಅತ್ತೆ ಯೂದಿತಾ. ಈ ಚಳಿಗಾಲ ಆಕೆಯ ಎರಡೂ ಮೊಣಕೈಗಳು ಏಕಕಾಲಕ್ಕೆ ಮುಷ್ಕರ ಹೂಡಿದ್ದವು. ತನ್ನ ತಂಗಿಯ ಮಗಳ ಬಳಿ ಒಂದು ಜೊತೆ ಇದೆ, ಕೇಳಿ ತರುತ್ತೇನೆ ಎಂದು ಆಕೆ ಸದುದ್ದೇಶದಿಂದಲೇ ಹೇಳಿದಳು. ಕಡ ತಂದ ಬೂಟು! ಅದೂ ಬೊಲಾತ್ತಳ ಮಗಳಿಗೆ!

ಬೊಲಾತ್ತ ಯಾರೆಂದು ತಿಳಿಯದವರು ಆ ಊರಿನಲ್ಲಿ ಇರಲಿಲ್ಲ. ಊರೆಂದರೆ ಎಂಬತ್ತಮೂರು ಜನ ಮತ್ತು ಅವರಿಗಿಂತ ಮೂರು ಪಟ್ಟು ನಾಯಿಗಳು. ಚಳಿಗಾಲದಲ್ಲಿ ಯಾರ ಮನೆಯ ಕೊಳಾಯಿಯಲ್ಲೂ ನೀರಿರುವುದಿಲ್ಲವಾದ್ದರಿಂದ ಎಲ್ಲರ ಬಟ್ಟೆಯನ್ನೂ ಒಗೆಯುವುದು ಊರೊಟ್ಟಿನ ಒಗೆಮನೆಯಲ್ಲಿ. ಆ ಒಗೆಮನೆಯ ಬೀಗದ ಕೈ ಬೊಲಾತ್ತಳ ಸೊಂಟದಲ್ಲಿ. ಗೋಡೆಯ ಮೇಲೆ ಅವಳ ಕೈಬರಹದಲ್ಲಿ ಒಂಬತ್ತು ಕಟ್ಟಳೆಗಳಿದ್ದವು. ಮೂರನೆಯದನ್ನು ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದಿದ್ದಳು: ಯಂತ್ರದೊಳಗೆ ಚರ್ಮ ಹಾಕತಕ್ಕದ್ದಲ್ಲ. ಹಿಂದಿನ ವರ್ಷ ಸಣ್ಣದೊಂದು ಚರ್ಮದ ಕೈಗವಸು ಹಾಕಿದ ವಿಧವೆಯೊಬ್ಬಳನ್ನು ಅವಳು ಒಂದು ತಿಂಗಳು ಹೊಸಿಲು ದಾಟಗೊಟ್ಟಿರಲಿಲ್ಲ.

ಚರ್ಮವೇನೋ ಸಿದ್ಧವಿತ್ತು; ಅಪೊಲ್ಲುಸ್ ಬೇಟೆಯಾಡಿ ಎರಡು ತಂದಿದ್ದ. ಬೊಲಾತ್ತ ಒಂದನ್ನು ಹಲಗೆಯ ಮೇಲೆ ಹರಡಿ, ಅತ್ತೆಯ ಅರ್ಧಚಂದ್ರಾಕಾರದ ಕತ್ತಿಯಿಂದ ವಾರವಿಡೀ ಕೊಬ್ಬು ಹೆರೆದಳು. ಎರಡು ಕಡೆ ತೂತು ಬಿತ್ತು. ಮೂರು ಕಡೆ ಬೆರಳು ಕೊಯ್ದುಕೊಂಡಳು. ಆದರೂ ಚರ್ಮಕ್ಕೆ ಇಳಿದ ಎಣ್ಣೆ ಬಿಡಲಿಲ್ಲ. ಎಣ್ಣೆ ಬಿಡಿಸಲು ಯೂದಿತಾ ಹೇಳಿದ ವಿಧಾನ ಪುರಾತನವಾದದ್ದು, ಶುದ್ಧವಾದದ್ದು, ಊರಿನ ಹಿರಿಯರೆಲ್ಲ ಒಪ್ಪುವಂಥದ್ದು. ಮನೆಯ ಬಾಗಿಲ ಬಳಿ ಮರದ ತೊಟ್ಟಿಯೊಂದನ್ನಿಟ್ಟು, ಮನೆಮಂದಿಯೆಲ್ಲ ತಮ್ಮ ಜಲಬಾಧೆಯನ್ನು ಅದರಲ್ಲೇ ತೀರಿಸಿಕೊಳ್ಳಬೇಕು. ಅದು ಹಳಸಿ ಖಾರವಾದ ಮೇಲೆ ಚರ್ಮವನ್ನು ಅದರಲ್ಲಿ ನೆನೆಹಾಕಬೇಕು. ಅಷ್ಟೇ.

ಅಪೊಲ್ಲುಸ್ ಮೊದಲ ದಿನವೇ ಉದಾರವಾಗಿ ಕೊಟ್ಟ. ಅತ್ತೆ ತನ್ನ ಪಾಲನ್ನು ತಪ್ಪದೆ ಸಲ್ಲಿಸಿದಳು. ನುಕಾಕ ಮಾತ್ರ ಶಾಲೆಯಲ್ಲೇ ಎಲ್ಲ ಮುಗಿಸಿ ಬರತೊಡಗಿದಳು. ಎರಡು ದಿನ ಕಳೆದರೂ ತೊಟ್ಟಿಯ ತಳ ಸರಿಯಾಗಿ ನೆನೆಯಲಿಲ್ಲ. ವಾಸನೆ ಮಾತ್ರ ತೊಟ್ಟಿ ತುಂಬಿ, ಮನೆ ತುಂಬಿ, ಬೊಲಾತ್ತ ಇಸ್ತ್ರಿ ಮಾಡಿಟ್ಟ ಪರದೆಗಳಿಗೂ ಏರಿತು. ಮೂರನೆಯ ಬೆಳಿಗ್ಗೆ ಅವಳು ತೊಟ್ಟಿಯನ್ನು ಹೊರಗೊಯ್ದು ಹಿಮದ ಮೇಲೆ ಬರಿದುಮಾಡಿದಳು.

"ಊರು ಪೂರಾ ಒಗೆಯೋಳು ನಾನು," ಎಂದಳು ಅತ್ತೆಗೆ. "ಒಂದು ಚರ್ಮ ತೊಳೆಯೋಕೆ ನನಗೆ ಉಚ್ಚೆ ಬೇಕಾ?"

ಯೂದಿತಾ ಹಿಮದ ಮೇಲಿನ ಹಳದಿ ಗುಂಡಿಯನ್ನು ಬಹಳ ಹೊತ್ತು ನೋಡಿದಳು. "ಎರಡು ದಿನದ್ದು," ಎಂದಷ್ಟೇ ಹೇಳಿ ಒಳಗೆ ಹೋದಳು.

ಬೊಲಾತ್ತಳ ಆತುರಕ್ಕೆ ಇನ್ನೂ ಒಂದು ಕಾರಣವಿತ್ತು. ಕೂದಲು ತೆಗೆದ ಚರ್ಮ ಬೆಳ್ಳಗಾಗುವುದು ಹೊರಗೆ ಚೌಕಟ್ಟಿಗೆ ಬಿಗಿದು, ಕಡುಚಳಿಯೂ ಬಿಸಿಲೂ ಒಟ್ಟಿಗೆ ಬಿದ್ದಾಗ. ನವೆಂಬರಿನಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಫೆಬ್ರವರಿಯ ಮೊದಲ ವಾರ. ಅಂದು ಊರಿಗೆ ಊರೇ ಹಬ್ಬದ ಬಿಳಿ ಅನೊರಾಕ್, ಅಂದರೆ ತಲೆಮುಸುಕಿರುವ ದಪ್ಪ ಅಂಗಿ, ತೊಟ್ಟು ಗುಡ್ಡವೇರಿ ಸೂರ್ಯನನ್ನು ಎದುರುಗೊಳ್ಳುತ್ತದೆ. ಆ ಮೊದಲ ಕಿರಣ ತನ್ನ ಚರ್ಮದ ಮೇಲೆ ಬೀಳಲೇಬೇಕೆಂದು ಬೊಲಾತ್ತ ಪಟ್ಟು ಹಿಡಿದಿದ್ದಳು. ಸೂರ್ಯ ಬಂದವನು ತಿಂಗಳುಗಟ್ಟಲೆ ಇಲ್ಲೇ ಇರುತ್ತಾನೆ, ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅತ್ತೆ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ.

ಹಬ್ಬದ ಮುನ್ನಾದಿನ ಬೆಳಿಗ್ಗೆ, ಒಗೆಮನೆ ತೆರೆಯುವುದಕ್ಕೆ ಒಂದು ಗಂಟೆ ಮೊದಲೇ, ಬೊಲಾತ್ತ ಒಳಗಿನಿಂದ ಚಿಲಕ ಹಾಕಿಕೊಂಡು ಯಂತ್ರದ ಮುಂದೆ ನಿಂತಳು. ಇದ್ದದ್ದು ಒಂದೇ ಯಂತ್ರ. ಇನ್ನೊಂದು ಕ್ರಿಸ್‌ಮಸ್ಸಿನಿಂದ ಬಿಡಿಭಾಗಕ್ಕಾಗಿ ಕಾಯುತ್ತಿತ್ತು. ಕೆಂಪು ಶಾಯಿಯ ಕಟ್ಟಳೆಯ ಮೇಲೆ ಅವಳು ತನ್ನ ಕೋಟನ್ನು ನೇತುಹಾಕಿದಳು. ಚರ್ಮವನ್ನು ಒಳಗಿಟ್ಟಳು. ಸೋಪಿನ ಪುಡಿ ಸುರಿದಳು. ಬಿಸಿನೀರಿನಲ್ಲಿ ಅದ್ದಿದರೆ ಕೂದಲು ತಾನಾಗಿ ಬಿಡುತ್ತದೆಂದು ಅತ್ತೆಯೇ ಹೇಳಿದ್ದಳಲ್ಲ. ಆ ನೀರನ್ನು ಮಣಿಕಟ್ಟು ತಾಳುವಷ್ಟೇ ಕಾಯಿಸಬೇಕೆಂದೂ ಹೇಳಿದ್ದಳು, ಅದು ಮರೆತಿತ್ತು. ಬಿಳಿಯ ಬಟ್ಟೆಗೆ ತೊಂಬತ್ತು ಡಿಗ್ರಿ ಎಂಬುದು ಇಪ್ಪತ್ತು ವರ್ಷಗಳ ಅಭ್ಯಾಸ. ಅವಳ ಕೈ ಅವಳನ್ನು ಕೇಳದೆಯೇ ಗುಂಡಿಯನ್ನು ತೊಂಬತ್ತಕ್ಕೆ ತಿರುಗಿಸಿತು.

ಯಂತ್ರ ನಿಂತು ಅದರ ಬಾಗಿಲು ತೆರೆದಾಗ ಮೊದಲಿಗೆ ಅವಳಿಗೆ ಚರ್ಮವೇ ಕಾಣಲಿಲ್ಲ. ಯಾರೋ ಕದ್ದರೆಂದುಕೊಂಡಳು. ಒಳಗಿಂದ ಚಿಲಕ ಹಾಕಿದೆ, ಕಳ್ಳ ಬಂದದ್ದು ಎಲ್ಲಿಂದ? ಬಗ್ಗಿ ಕೈಹಾಕಿ ತಡಕಿದಳು. ಕೂದಲಿನ ಗಂಜಿಯ ನಡುವೆ ಏನೋ ಗಟ್ಟಿಯಾದದ್ದು ಸಿಕ್ಕಿತು. ನಿನ್ನೆ ರಾತ್ರಿ ಅವಳ ತೋಳಿನುದ್ದ ಇದ್ದ ಚರ್ಮ ಈಗ ಅಂಗೈಯಗಲ ಆಗಿತ್ತು. ಸುರುಟಿಕೊಂಡು, ಬೆಂದು, ಮರದ ಚಕ್ಕೆಯ ಹಾಗೆ ಸೆಟೆದಿತ್ತು. ಬಗ್ಗಿಸಿದಳು, ಲಟ್ಟೆಂದು ಮುರಿಯಿತು.

ಅಷ್ಟರಲ್ಲಿ ಹೊರಗೆ ಬಾಗಿಲು ಬಡಿದರು. ಹಬ್ಬದ ಅನೊರಾಕ್‌ಗಳು ಬಂದಿದ್ದವು.

ಎರಡು ತುಂಡುಗಳೂ ಅವಳ ಕೋಟಿನ ಜೇಬು ಸೇರಿದವು. ಕೂದಲನ್ನು ಬೊಗಸೆಬೊಗಸೆಯಾಗಿ ತೆಗೆದಳು, ಯಂತ್ರದೊಳಗಿನ ಡೋಲನ್ನು ಒರೆಸಿದಳು. ಡೋಲು ಕನ್ನಡಿಯಂತೆ ಹೊಳೆಯಿತು. ಆದರೆ ಕರಗಿದ ಕೊಬ್ಬು ಡೋಲಿನ ಹೊರಗೆ, ಕೊಳವೆಗಳ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ತಣ್ಣಗೆ ಹೆಪ್ಪುಗಟ್ಟಿ ಕುಳಿತಿತ್ತು. ಸಂಜೆಯೊಳಗೆ ಊರಿನ ಮೂವತ್ತೊಂದು ಅನೊರಾಕ್‌ಗಳು ಅದರಲ್ಲಿ ಮಿಂದು ಎದ್ದವು. ವಾರವಿಡೀ ಕೊಬ್ಬು ಹೆರೆದ ಬೊಲಾತ್ತಳ ಮೂಗು ಆ ವಾಸನೆಯನ್ನು ಗುರುತಿಸುವುದನ್ನೇ ಬಿಟ್ಟುಬಿಟ್ಟಿತ್ತು. ಒಗೆಮನೆಯ ಕೊಳವೆದೀಪದ ಕೆಳಗೆ ಎಲ್ಲವೂ ಬೆಳ್ಳಗೇ ಕಂಡವು. ಎಂದಿನಂತೆ ಮಡಿಚಿ, ಎಂದಿನಂತೆ ಗತ್ತಿನಿಂದ ಹಂಚಿದಳು.

ಮರುದಿನ ಮಧ್ಯಾಹ್ನ ನೀಲಿ ಮಬ್ಬಿನಲ್ಲಿ ಮೆರವಣಿಗೆ ಗುಡ್ಡ ಹತ್ತಿತು. ಮುಂದೆ ಚರ್ಚಿನ ಉಪದೇಶಿ ತೊಬಿಯಾಸ್, ಹಿಂದೆ ಊರು. ದಾರಿಯುದ್ದಕ್ಕೂ ಸರಪಳಿಯಲ್ಲಿದ್ದ ಜಾರುಬಂಡಿ ನಾಯಿಗಳು ಒಂದೊಂದಾಗಿ ಎದ್ದುನಿಂತವು. ಅವು ಊಟದ ಹೊತ್ತಿಗಲ್ಲದೆ ಹಾಗೆ ಏಳುವುದಿಲ್ಲ. ಬಿಡಾಡಿ ಮರಿಗಳಂತೂ ಮೆರವಣಿಗೆಯನ್ನೇ ಸೇರಿದವು. ಗುಡ್ಡದ ತುದಿ ತಲುಪುವಷ್ಟರಲ್ಲಿ ತೊಬಿಯಾಸನ ಅಂಗಿಯ ಅಂಚನ್ನು ಎರಡು ಮರಿಗಳು ಭಕ್ತಿಯಿಂದ ನೆಕ್ಕುತ್ತಿದ್ದವು. ಅವನು ಹಾಡಿನ ನಡುವೆ ಕಾಲು ಕೊಡವುತ್ತಲೇ ಇದ್ದ.

ಎಲ್ಲರೂ ಟೋಪಿ, ಕೈಗವಸು ತೆಗೆದು ಬರಿಗೈ ಚಾಚಿದರು. ದಕ್ಷಿಣದ ಬೆಟ್ಟದ ಅಂಚಿನಲ್ಲಿ ಕೆಂಪು ಚೂರೊಂದು ಇಣುಕಿತು. ಎರಡೂವರೆ ತಿಂಗಳ ಮೇಲೆ ಬಂದ ಮೊದಲ ಬಿಸಿಲು ನೇರವಾಗಿ ಊರಿನ ಎದೆಯ ಮೇಲೆ ಬಿತ್ತು.

ಹಾಡು ನಿಂತಿತು. ಮೂವತ್ತೊಂದು ಅನೊರಾಕ್‌ಗಳೂ ಹಳೆಯ ಬೆಣ್ಣೆಯ ಬಣ್ಣದಲ್ಲಿ ಮಿನುಗುತ್ತಿದ್ದವು. ಜನ ಸೂರ್ಯನನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ತಮ್ಮ ತೋಳನ್ನೇ ಮೂಸಿ ನೋಡಿದರು.

ಅಂಗಡಿಗೆ ಬಂದ ಹೊಸ ಸೋಪಿನ ಪುಡಿಯದೇ ಈ ಕೆಲಸವೆಂದು ಹಿಂದಿನಿಂದ ಯಾರೋ ಅಂದರು. ಬೊಲಾತ್ತಳ ಕೈಯಲ್ಲಿ ತಪ್ಪಾಗುವುದುಂಟೇ ಎಂದು ಇನ್ನೊಬ್ಬರು ದನಿಗೂಡಿಸಿದರು. ಎಲ್ಲರ ಕಣ್ಣೂ ಅಂಗಡಿಯ ಎನೋಕನ ಮೇಲೆ ನೆಟ್ಟಿತು. ಅವನು ಬಾಳಿನಲ್ಲಿ ಯಾರಿಗೂ ಎದುರಾಡಿದವನಲ್ಲ. ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, "ತಪ್ಪಾಯ್ತು. ಉಳಿದಿರೋ ಡಬ್ಬಗಳನ್ನೆಲ್ಲ ವಾಪಸ್ ಕಳಿಸ್ತೀನಿ," ಎಂದ.

ಬೊಲಾತ್ತ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಬೀಗದ ಕೈ ಸೊಂಟದಲ್ಲೇ ಉಳಿಯುತ್ತಿತ್ತು, ಹೆಸರು ಬೆಳ್ಳಗೇ ಉಳಿಯುತ್ತಿತ್ತು. ಆದರೆ ಆ ಮನುಷ್ಯ ಮಾಡದ ತಪ್ಪಿಗೆ ತಲೆ ತಗ್ಗಿಸಿ ನಿಂತ ರೀತಿ ಇತ್ತಲ್ಲ, ಅದನ್ನು ಅವಳು ನೋಡಲಾರದಾದಳು.

"ಸೋಪಿನದಲ್ಲ," ಎಂದಳು. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. "ಯಂತ್ರಕ್ಕೆ ನಾನು ಚರ್ಮ ಹಾಕಿದ್ದೆ."

ತೊಬಿಯಾಸ್ ಮರಿಗಳಿಂದ ಅಂಗಿ ಬಿಡಿಸಿಕೊಂಡು ಮೆಲ್ಲನೆ ಕೇಳಿದ: "ಎಷ್ಟಕ್ಕೆ ಇಟ್ಟಿದ್ರಿ?"

"ತೊಂಬತ್ತಕ್ಕೆ."

ಹಬ್ಬದ ಅಂಗಿ ಹಾಳಾದದ್ದಕ್ಕೆ ಬಾಯಿ ಬಿಡದ ಹೆಂಗಸರೆಲ್ಲ ಈಗ ಒಟ್ಟಿಗೇ ಎದೆಯ ಮೇಲೆ ಕೈಯಿಟ್ಟರು. ಬೆಂದ ಚರ್ಮಕ್ಕಾಗಿ ಹೊರಟ ಆ ನಿಟ್ಟುಸಿರಿನ ಬಿಸಿಗೆ ಗುಡ್ಡದ ಹಿಮ ಒಂದಂಗುಲವಾದರೂ ಕರಗಿರಬೇಕು. ಸೂರ್ಯ ಹೆಚ್ಚು ಹೊತ್ತು ನೋಡಲಾರದೆ ನಾಲ್ಕೇ ನಿಮಿಷದಲ್ಲಿ ಬೆಟ್ಟದ ಹಿಂದೆ ಸರಿದ.

ಮನೆಗೆ ಬಂದು ಬೊಲಾತ್ತ ಎರಡು ತುಂಡುಗಳನ್ನೂ ಅತ್ತೆಯ ಮುಂದಿಟ್ಟಳು. ಬೀಗದ ಕೈಯನ್ನು ಆಗಲೇ ಕೈಗವಸಿನ ಅದೇ ವಿಧವೆಗೆ ಒಪ್ಪಿಸಿ ಬಂದಿದ್ದಳು. ಇನ್ನೊಂದು ಚರ್ಮವಿದೆ ಎಂದು ಅಪೊಲ್ಲುಸ್ ಕಾಫಿ ಲೋಟದೊಳಗೆ ಹೇಳಿದ.

"ಅತ್ತೆ, ನೀವು ಹೇಳಿದ ಹಾಗೇ ಮಾಡ್ತೀನಿ," ಎಂದಳು ಬೊಲಾತ್ತ. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

"ಕಾಲ ಮಿಂಚಿಲ್ಲ. ಆದ್ರೆ ತೊಟ್ಟಿ ತುಂಬಬೇಕು. ನಾಲ್ಕು ಜನದಿಂದ ಆಗೋದಲ್ಲ ಕಣೆ. ನಮ್ಮ ಕಾಲದಲ್ಲಿ ಊರೇ ಕೊಡ್ತಿತ್ತು."

"ಊರನ್ನ ನಾನು ಹೇಗೆ ಕೇಳಲಿ? ಯಾವ ಮುಖ ಇಟ್ಕೊಂಡು?"

ಮರುದಿನ ಭಾನುವಾರ ಯೂದಿತಾ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ನಿಂತು ನಾಲ್ಕು ಜನರೊಡನೆ ಏನೋ ಮಾತನಾಡಿದಳು, ಅಷ್ಟೇ.

ಮಧ್ಯಾಹ್ನ ಬಾಗಿಲು ಬಡಿಯಿತು. ಹಳದಿ ಅನೊರಾಕ್ ತೊಟ್ಟು, ಎರಡೂ ಕೈಯಲ್ಲಿ ಮುಚ್ಚಳ ಬಿಗಿದ ಡಬ್ಬಿ ಹಿಡಿದು, ಬಲಿಪೀಠದ ಮುಂದೆ ನಿಂತಷ್ಟೇ ಗಂಭೀರವಾಗಿ ತೊಬಿಯಾಸ್ ನಿಂತಿದ್ದ. "ಹುಡುಗಿ ಬೂಟಿಗೆ," ಎಂದ. ಅವನ ಹಿಂದೆ ಎನೋಕ್, ಎನೋಕನ ಹಿಂದೆ ಅವನ ಹೆಂಡತಿ, ಆಮೇಲೆ ಬೀಗದ ಕೈ ತೂಗಾಡಿಸುತ್ತ ಆ ವಿಧವೆ, ಆಮೇಲೆ ಸಾಲು. ಪ್ರತಿಯೊಬ್ಬರ ಕೈಯಲ್ಲೂ ಡಬ್ಬಿ, ಸೀಸೆ, ಬಕೆಟ್ಟು. ಶುಚಿತ್ವದ ಸಾಮ್ರಾಜ್ಞಿ ಬೊಲಾತ್ತ ಒಂದೊಂದನ್ನೂ ಎರಡು ಕೈಯೊಡ್ಡಿ ಪಡೆದು, ಒಬ್ಬೊಬ್ಬರಿಗೂ ತಲೆಬಾಗಿ ಉಪಕಾರ ಹೇಳಿ, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಕೂರಿಸಿ ಕಾಫಿ ಕೊಡಬೇಕಾಯಿತು. ನುಕಾಕಳೂ ಯಾರೂ ಹೇಳದೆಯೇ ತೊಟ್ಟಿಯ ಕಡೆ ಹೋಗಿ ಬಂದಳು.

ಸಂಜೆಯ ಹೊತ್ತಿಗೆ ಕಾಫಿ ಪುಡಿ ಮುಗಿಯುತ್ತ ಬಂತು. ಒಳಗೆ ಇನ್ನೂ ಹನ್ನೆರಡು ಮಂದಿ ಹರಟುತ್ತ ಕುಳಿತಿದ್ದರು. ಅತಿಥಿಗಳಿನ್ನು ಏಳಬಾರದೇ ಎಂದು ಬೊಲಾತ್ತ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದಳು.

ಯೂದಿತಾ ತೊಟ್ಟಿಯ ಮುಚ್ಚಳ ಸರಿಸಿ ಇಣುಕಿ ನೋಡಿದಳು.

"ಎಲ್ಲರಿಗೂ ಇನ್ನೊಂದೊಂದು ಲೋಟ ಕೊಡು," ಎಂದಳು. "ಅರ್ಧಾನೇ ಆಗಿರೋದು."