ಪ್ರಶ್ನೆ ಮೇಷ್ಟ್ರ ‘ಬರ್ತೀನಿ’

ಎಲ್ಲಾ ಕೆಟ್ಟಿದ್ದು ಒಂದು ‘ಬರ್ತೀನಿ’ಯಿಂದ.

ನಮ್ಮವರು ಯಾರ ಮನೆಯಿಂದ ಎದ್ದರೂ ಹೊಸ್ತಿಲ ಹತ್ತಿರ ನಿಂತು ಆಡುವುದು ಅದೊಂದೇ ಮಾತು. ‘ಹೋಗ್ತೀನಿ’ ಅನ್ನಲು ನಾಲಿಗೆ ಏಳುವುದಿಲ್ಲ. ಅಪ್ಪಿತಪ್ಪಿ ಅಂದುಬಿಟ್ಟರೆ ಮನೆಯ ಹಿರಿಯರು "ಬಿಡ್ತು ಅನ್ನು!" ಎಂದು ಗದರುತ್ತಾರೆ. ಸಂಶೋಧನೆಗೆಂದು ಪರದೇಶಕ್ಕೆ ಬಂದ ನಮ್ಮ ಕಥಾನಾಯಕ ಅಲ್ಲಿಯ ಭಾಷೆಯನ್ನು ಹೊರಡುವ ಮೊದಲೇ ಆರು ತಿಂಗಳು ಕೂತು ಗಿಣಿಪಾಠ ಮಾಡಿ ಕಲಿತಿದ್ದ. ಆದರೆ ಹೊಸ್ತಿಲ ಮಾತನ್ನು ಮಾತ್ರ ಊರಿನಿಂದಲೇ ಕಟ್ಟಿಕೊಂಡು ಬಂದಿದ್ದ. ಅಲ್ಲಿಯ ಜನ ಎದ್ದು ಹೊರಡುವಾಗ "ಆಯ್ತು" ಎಂದಷ್ಟೇ ಹೇಳಿ ಹೊರಟುಬಿಡುತ್ತಾರೆ. ಜನರನ್ನು ಗಮನಿಸುವುದೇ ಕಸುಬಾದ ಈ ಮಹಾಶಯನಿಗೆ ಬಂದ ಮೂರು ವಾರದಲ್ಲಿ ಅದೊಂದು ಕಂಡಿರಲಿಲ್ಲ ನೋಡಿ. ಹೋದ ಮನೆಯಲ್ಲೆಲ್ಲ ಕೈಮುಗಿದು, ಅವರದೇ ಭಾಷೆಯಲ್ಲಿ, ಉಚ್ಚಾರ ಒಂದಿಷ್ಟೂ ತಪ್ಪದ ಹಾಗೆ "ಬರ್ತೀನಿ" ಅನ್ನುತ್ತಿದ್ದ.

ಅವನ ಸಂಶೋಧನೆಯ ವಿಷಯ, ಜನ ಕೆಟ್ಟುಹೋದ ಸಾಮಾನನ್ನು ಎಸೆಯದೆ ಮನೆಯಲ್ಲಿ ಯಾಕೆ ಇಟ್ಟುಕೊಳ್ಳುತ್ತಾರೆ ಎಂಬುದು. ಒಂದು ಮುರಿದ ಕೊಡೆ ಕಂಡರೆ ಸಾಕು, ನಲವತ್ತೆರಡು ಪ್ರಶ್ನೆ ಕೇಳುತ್ತಿದ್ದ. ಹಾಗಾಗಿ ಅವನು ರೂಮು ಹಿಡಿದಿದ್ದ ಕಟ್ಟಡದವರು ಅವನಿಗೆ ‘ಪ್ರಶ್ನೆ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು.

ಆ ದಿನ ಮೇಷ್ಟ್ರಿಗೆ ವಾಸದ ಪತ್ರ ಸಿಗಲೇಬೇಕಿತ್ತು. ಈ ಮನುಷ್ಯ ಇಲ್ಲೇ ವಾಸ ಇದ್ದಾನೆ ಎಂದು ನೆರೆಹೊರೆಯ ಮೂವರು ಸಹಿ ಹಾಕಿ, ಅರ್ಜಿಯನ್ನು ಸಂಜೆ ನಾಲ್ಕರೊಳಗೆ ನೋಂದಣಿ ಕಚೇರಿಗೆ ಮುಟ್ಟಿಸಬೇಕು. ತಪ್ಪಿದರೆ ವಾರದೊಳಗೆ ಗಂಟುಮೂಟೆ ಕಟ್ಟಿಕೊಂಡು ದೇಶ ಬಿಡಬೇಕು. ಐದು ವರ್ಷ ಅರ್ಜಿ ಗುಜರಾಯಿಸಿ, ನಾಲ್ಕು ಸಲ ಬೇಡವೆನ್ನಿಸಿಕೊಂಡು, ಐದನೇ ಸಲ ಸಿಕ್ಕಿದ ಕೆಲಸ ಅದು. ಕೈತಪ್ಪಿದರೆ ಇನ್ನು ಸಿಗುವ ಹಾಗಿರಲಿಲ್ಲ.

ಮೂರು ಸಹಿ ತಾನೇ, ಹತ್ತು ನಿಮಿಷದ ಕೆಲಸ ಎಂದುಕೊಂಡು ಬೆಳಿಗ್ಗೆ ಎಂಟಕ್ಕೆ ಕೆಳಗಡೆ ವಾಸವಿದ್ದ ಮನೆ ಒಡತಿಯ ಬಾಗಿಲು ತಟ್ಟಿದ. ಮುದುಕಿ ಅರ್ಜಿಯನ್ನು ನೋಡಿದರು, ಅವನನ್ನು ನೋಡಿದರು, ಅರ್ಜಿಯನ್ನು ವಾಪಸು ಕೊಟ್ಟರು.

"ಮಾತಿಗೆ ನಿಲ್ಲದವರಿಗೆ ನಾನು ಸಹಿ ಹಾಕಲ್ಲ."

"ಅಮ್ಮಾ, ನಾನೇನು ಮಾತು ತಪ್ಪಿದೆ?"

"ಕಳೆದ ಮಂಗಳವಾರ ನನ್ನ ಒಡೆದ ಟೀ ಪಾತ್ರೆ ಬಗ್ಗೆ ಎರಡು ಗಂಟೆ ತಲೆ ತಿಂದ್ರಿ. ಆಮೇಲೆ ಬಾಗಿಲಲ್ಲಿ ನಿಂತು ಬರ್ತೀನಿ ಅಂದ್ರಿ. ಅಂದ್ರೋ ಇಲ್ವೋ?"

"ಅಂದೆ."

"ಬಂದ್ರಾ?"

ಮೇಷ್ಟ್ರು ಬೆರಳು ಮಡಿಸುತ್ತ ಮಂಗಳವಾರದಿಂದ ದಿನ ಎಣಿಸತೊಡಗಿದ.

"ಬರ್ತಾರಲ್ಲ ಅಂತ ಬಾಗಿಲು ತೆರೆದಿಟ್ಟು ಕೂತೆ. ನೀವು ಬರಲಿಲ್ಲ, ನನ್ನ ಬೆಕ್ಕು ಹೊರಗೆ ಹೋಯ್ತು. ಹೋದದ್ದು ಇವತ್ತಿಗೂ ಬಂದಿಲ್ಲ!"

ಆಗ ಮೇಷ್ಟ್ರ ತಲೆಯಲ್ಲಿ ದೀಪ ಹೊತ್ತಿತು. "ಅಯ್ಯೋ ಅಮ್ಮಾ! ನಮ್ಮ ಕಡೆ ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಅರ್ಥ."

"ಬರ್ತೀನಿ ಅಂದ್ರೆ ಹೋಗ್ತೀನಿ ಅಂತಾನಾ? ಹಾಗಾದ್ರೆ ಹೋಗ್ತೀನಿ ಅನ್ನೋಕೇನು ಧಾಡಿ?"

"ಅದು ಅಶುಭ ಅಮ್ಮಾ. ಹಾಗಂದ್ರೆ ತಿರುಗಿ ಬರೋದೇ ಇಲ್ಲ ಅನ್ನೋ ಹಾಗಾಗುತ್ತೆ."

"ಅದೆಲ್ಲ ನನಗೆ ಗೊತ್ತಿಲ್ಲ. ಇನ್ಮೇಲೆ ಏನು ಮಾಡ್ತೀರೋ ಅದನ್ನೇ ಬಾಯಲ್ಲಿ ಹೇಳಿ. ಹೇಳಿದ್ದನ್ನೇ ಮಾಡಿ. ಮೊದಲು ನನ್ನ ಬೆಕ್ಕು ತಂದುಕೊಡಿ, ಸಹಿ ಆಮೇಲೆ."

ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿದ. ಆದರೆ ಅವನೂ ಸುಮ್ಮನೆ ಬಿಡುವ ಆಸಾಮಿಯಲ್ಲ. ನಾಲ್ಕು ಸಲ ಬೇಡ ಅಂದವರ ಬಾಯಲ್ಲೇ ಐದನೇ ಸಲ ಬನ್ನಿ ಅನ್ನಿಸಿಕೊಂಡವನು. ಕೊಟ್ಟ ಒಂದೊಂದು ‘ಬರ್ತೀನಿ’ಯನ್ನೂ ಇವತ್ತೇ ತೀರಿಸುತ್ತೇನೆ, ಇವತ್ತಿನಿಂದ ಬಾಯಲ್ಲಿ ‘ಹೋಗ್ತೀನಿ’ಯೇ ಸೈ ಎಂದು ಹಲ್ಲು ಕಚ್ಚಿ ಎದ್ದ. ಮೆಟ್ಟಿಲು ಹತ್ತುತ್ತಲೇ "ಹೋಗ್ತೀನಿ, ಹೋಗ್ತೀನಿ" ಎಂದು ಕನ್ನಡದಲ್ಲೊಮ್ಮೆ ಅಲ್ಲಿಯ ಭಾಷೆಯಲ್ಲೊಮ್ಮೆ ಅಭ್ಯಾಸ ಶುರುಮಾಡಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಒತ್ತಿ ಕಿವಿಗಿಡುವಾಗಲೂ ಬಾಯಿ ನಿಂತಿರಲಿಲ್ಲ.

"ಬಿಡ್ತು ಅನ್ನೋ! ಎಲ್ಲಿಗೋ ಹೋಗ್ತೀಯ?" ಅತ್ತ ಕಡೆಯಿಂದ ಅವನ ತಾಯಿ ಕಿರುಚಿದರು.

"ಎಲ್ಲಿಗೂ ಇಲ್ಲಮ್ಮ. ಇಲ್ಲೇ ಇರೋದಕ್ಕೋಸ್ಕರ ಹೋಗ್ತೀನಿ ಅನ್ನೋದು ಕಲೀತಾ ಇದೀನಿ."

"ಜ್ವರಗಿರ ಬಂದಿದೆಯೇನೋ? ಹಣೆ ಮುಟ್ಟಿ ನೋಡ್ಕೋ."

"ಚೆನ್ನಾಗಿದೀನಮ್ಮ. ಆಮೇಲೆ ಮಾಡ್ತೀನಿ."

ಮೊದಲನೇ ಮಹಡಿಯಲ್ಲಿ ದರ್ಜಿ. ಒಂದು ಕಡೆಯ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. ಮೇಷ್ಟ್ರನ್ನು ಕಂಡದ್ದೇ ಕತ್ತರಿ ಕೆಳಗಿಟ್ಟ.

"ಬಂದ್ರಾ? ಅಂತೂ ಬಂದ್ರಾ! ಶುಕ್ರವಾರ ಇಲ್ಲಿಂದ ಏಳುವಾಗ ಬರ್ತೀನಿ ಅಂದ್ರಿ. ಬೀಗ ಹಾಕಿದ ಅಂಗಡಿ ನೋಡಿ ಬೇಜಾರಾದೀರಿ ಅಂತ ನಾನು ಹಲ್ಲಿನ ಡಾಕ್ಟರ ಹತ್ರಾನೂ ಹೋಗಲಿಲ್ಲ. ನೋಡಿ ನನ್ನ ಗತಿ!"

"ನಡೀರಿ ಅಣ್ಣ, ಈಗಲೇ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ."

ನಿಜ ಹೇಳಬೇಕೆಂದರೆ ದರ್ಜಿಗೆ ಡಾಕ್ಟರೆಂದರೆ ಜೀವಭಯ. ಮೇಷ್ಟ್ರು ಬರ್ತೀನಿ ಅಂದದ್ದು ಒಂದು ನೆಪವಾಗಿ ಒದಗಿತ್ತು, ಅಷ್ಟೇ. ಈಗ ಬೇರೆ ದಾರಿ ಇರಲಿಲ್ಲ. ಡಾಕ್ಟರ ಬಾಗಿಲಲ್ಲಿ ಎರಡು ಗಂಟೆ ಕಾದದ್ದಾಯಿತು, ತನ್ನ ಕಡೆ ‘ಹೋಗ್ತೀನಿ’ ಯಾಕೆ ಅಶುಭ ಎಂದು ಮೇಷ್ಟ್ರು ದರ್ಜಿಗೂ ಬಿಡಿಸಿ ಹೇಳಿದ್ದಾಯಿತು. ಡಾಕ್ಟರು ಇಕ್ಕಳ ಹಿಡಿದಾಗ ದರ್ಜಿ ಮೇಷ್ಟ್ರ ಕೈ ಹಿಡಿದ. ಹಲ್ಲು ಬಂತು, ಮೇಷ್ಟ್ರ ಬೆರಳೂ ಇನ್ನೇನು ಬರುವುದರಲ್ಲಿತ್ತು. ಅಲ್ಲೇ ಕೂತು ದರ್ಜಿ ಸಹಿ ಹಾಕಿದ. ಮೇಷ್ಟ್ರು ಎದ್ದು, "ಬ..." ಅಂದವನು ತುಟಿ ಕಚ್ಚಿಕೊಂಡು, ಎದೆಯುಬ್ಬಿಸಿ, "ಹೋಗ್ತೀನಿ!" ಅಂದ.

ದರ್ಜಿಯ ಬಾಯಲ್ಲಿ ಹತ್ತಿ ತುಂಬಿತ್ತು. ಏನೂ ಹೇಳಲಾರದೆ ಮೇಷ್ಟ್ರ ಎರಡೂ ಕೈ ಹಿಡಿದು ಅಲುಗಿಸಿದ, ಕಣ್ಣಲ್ಲಿ ನೀರು ತಂದುಕೊಂಡ. ಪಾಪ, ಹಲ್ಲುನೋವು ಎಂದುಕೊಂಡ ಮೇಷ್ಟ್ರು.

ವಾಪಸು ಬಂದರೆ, ಮೇಲಿನ ಮಹಡಿಯಲ್ಲಿ ನಿವೃತ್ತ ರೈಲು ಡ್ರೈವರ್. ಮೂವತ್ತನಾಲ್ಕು ವರ್ಷ ಒಂದು ನಿಮಿಷವೂ ತಡ ಮಾಡದೆ ಗಾಡಿ ಓಡಿಸಿದವರು. ಬಾಗಿಲು ತೆಗೆದು ಗಡಿಯಾರ ನೋಡಿದರು.

"ಮೇಷ್ಟ್ರೇ, ನೀವು ಒಂಬತ್ತು ದಿನ ತಡ."

"ತಪ್ಪಾಯ್ತು ಯಜಮಾನ್ರೇ. ನಮ್ಮ ಕಡೆ ತಿರುಗಿ ಬರದವರು ಮಾತ್ರ ಹೋಗ್ತೀನಿ ಅಂತಾರೆ, ಅದಕ್ಕೇ ಬರ್ತೀನಿ ಅಂದಿದ್ದೆ."

"ನೋಡಿ ಅಲ್ಲಿ. ಆ ಕುರ್ಚಿ ನಿಮಗೆ ಅಂತ ಹಾಕಿಟ್ಟಿದ್ದು. ನೀವು ಬರಲಿಲ್ಲ, ಅದು ಬಂತು."

ಕುರ್ಚಿಯ ಮೇಲೆ ಒಡತಿಯ ಬೆಕ್ಕು ಕಾಲು ಚಾಚಿ ಮಲಗಿತ್ತು. ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಅಜ್ಜ ಅಷ್ಟು ಸುಲಭವಾಗಿ ಬಿಡಲಿಲ್ಲ. ಒಂಬತ್ತು ದಿನದಿಂದ ಹೇಳಲು ಕಾದಿದ್ದ ಕತೆಯೆಲ್ಲ ಅವರ ಗಂಟಲಲ್ಲಿತ್ತು. ಮೊದಲ ವರ್ಷದ ಮೊದಲ ಗಾಡಿಯಿಂದ ಹೊರಟರು. ಪ್ರತಿ ನಿಲ್ದಾಣದಲ್ಲೂ ನಿಂತರು. ಮೇಷ್ಟ್ರು ಗಡಿಯಾರ ನೋಡಿದಾಗಲೆಲ್ಲ, "ಅವಸರ ಬೇಡ, ಸಿಗ್ನಲ್ ಬಿದ್ದಿಲ್ಲ" ಅನ್ನುತ್ತಿದ್ದರು. ಗಾಡಿ ನಿವೃತ್ತಿಗೆ ಮುಟ್ಟಿದಾಗ ಮೂರು ಗಂಟೆ. ಅಜ್ಜ ಸಹಿ ಹಾಕಿದರು. ಮೇಷ್ಟ್ರು ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು, "ಹೋಗ್ತೀನಿ!" ಅಂದ.

ಅಜ್ಜ ದಡಕ್ಕನೆ ಎದ್ದು ನಿಂತರು. ಗೂಟದಲ್ಲಿದ್ದ ಹಳೆಯ ಟೋಪಿ ತಲೆಗಿಟ್ಟುಕೊಂಡು ಒಂದು ಸಲ್ಯೂಟ್ ಹೊಡೆದರು. ಅಬ್ಬಾ, ಭಾಷೆ ಸರಿಯಾಗಿ ಆಡಿದರೆ ಜನ ಎಷ್ಟು ಮರ್ಯಾದೆ ಕೊಡ್ತಾರಪ್ಪ ಎಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದ.

ಮೆಟ್ಟಿಲಿಳಿಯುವಷ್ಟರಲ್ಲಿ ಬೆಕ್ಕು ಮೇಷ್ಟ್ರ ಕೈಯೆಲ್ಲ ಪರಚಿತ್ತು. ಒಡತಿ ಅದನ್ನು ಎದೆಗವಚಿಕೊಂಡು ಅತ್ತರು, ನಕ್ಕರು, ಸಹಿಯನ್ನೂ ಹಾಕಿದರು. "ನೀವು ಒಳ್ಳೆಯವರು ಮೇಷ್ಟ್ರೇ. ನಿಮ್ಮ ಮಾತನ್ನ ಇನ್ನು ಕಣ್ಣುಮುಚ್ಚಿ ನಂಬ್ತೀನಿ."

"ಹೋಗ್ತೀನಿ ಅಮ್ಮಾ!" ಮೇಷ್ಟ್ರು ಕೈಮುಗಿದ.

ಮುದುಕಿಯ ಮುಖ ಸಣ್ಣದಾಯಿತು. "ಇಷ್ಟು ಬೇಗ?" ಅಂದರು.

"ಹೌದಮ್ಮ, ಹೊತ್ತಾಯ್ತು" ಎನ್ನುತ್ತ ಮೇಷ್ಟ್ರು ಓಡಿದ.

ಕಚೇರಿ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಕಿಟಕಿಯೊಳಗಿದ್ದ ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡು ಮೂರೂ ಸಹಿ ನೋಡಿದಳು.

"ಎಲ್ಲಾ ಸರಿಯಾಗಿದೆ. ಮನೆ ಒಡತಿಗೆ ಒಂದು ಫೋನ್ ಮಾಡಿ ಖಾತ್ರಿ ಮಾಡ್ಕೋತೀನಿ. ಅದು ಮುಗಿಯೋವರೆಗೂ ನೀವು ಬಾಯಿ ಹಾಕೋ ಹಾಗಿಲ್ಲ, ನಿಯಮ."

ಸ್ಪೀಕರಿನಲ್ಲಿ ಒಡತಿಯ ದನಿ, ಹಿಂದೆ ಬಕೆಟ್ಟಿನ ಸದ್ದು.

"ಅಮ್ಮಾ, ಈ ಸಂಶೋಧಕರು ನಿಮ್ಮಲ್ಲಿ ವಾಸ ಇದಾರಾ?"

"ಇದ್ರು ಕಣಮ್ಮ, ಇದ್ರು. ಚಿನ್ನದಂಥ ಮನುಷ್ಯ. ಈಗ ತಾನೆ ಹೊರಟುಹೋದ್ರು."

"ಎಲ್ಲಿಗೆ?"

"ಅವರ ದೇಶಕ್ಕೆ. ತಿರುಗಿ ಬರದವರು ಮಾತ್ರ ಅವರ ಕಡೆ ಹೋಗ್ತೀನಿ ಅಂತಾರಂತೆ, ಅವರೇ ಹೇಳಿದ್ರು. ದರ್ಜಿಗೂ ಹೋಗ್ತೀನಿ ಅಂದ್ರಂತೆ, ಡ್ರೈವರಿಗೂ ಅಂದ್ರಂತೆ. ಮೂವರೂ ಇಲ್ಲೇ ಇದೀವಿ. ಅವರ ಪೆಟ್ಟಿಗೆ ಕಟ್ಟಿ ಬಾಗಿಲ ಹತ್ರ ಇಟ್ಟಿದೀವಿ, ರೂಮು ತೊಳೀತಾ ಇದೀನಿ."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಅಮ್ಮಾ! ನಾನು ಎಲ್ಲಿಗೂ ಹೋಗಲ್ಲ!" ಎಂದು ಕೂಗಿದ. ಗುಮಾಸ್ತೆ ಬೆರಳೆತ್ತಿ ಸುಮ್ಮನಿರಿಸಿದಳು. ಅವಳಿಗೂ ಪಾಪ ಅನ್ನಿಸಿತ್ತು. ಗಡಿಯಾರ ನಾಲ್ಕಕ್ಕೆ ಒಂದು ನಿಮಿಷ ತೋರಿಸುತ್ತಿತ್ತು.

"ನೋಡಿ, ಒಂದೇ ಒಂದು ದಾರಿ ಇದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ದೊಡ್ಡ ಅಧಿಕಾರಿ ಬರ್ತಾರೆ. ಅವರ ಮುಂದೆ ನೀವೇ ಬಂದು ವಿಷಯ ಹೇಳ್ತೀರಿ ಅಂದ್ರೆ ಅರ್ಜಿ ಇವತ್ತು ತೆರೆದೇ ಇಡ್ತೀನಿ. ಒಂದೇ ಮಾತಲ್ಲಿ ಹೇಳಿ, ಬರ್ತೀರಾ?"

ಮೂರು ವಾರದಲ್ಲಿ ಮೊದಲ ಸಲ ಮೇಷ್ಟ್ರು ಆ ಮಾತನ್ನು ಮನಸಾರೆ ಆಡಿದ. ಕಿಟಕಿಯ ಸರಳು ಹಿಡಿದು, ಕಚೇರಿಗೆಲ್ಲ ಕೇಳುವ ಹಾಗೆ ಕೂಗಿದ: "ಬರ್ತೀನಿ!"

ಸ್ಪೀಕರು ಇನ್ನೂ ಆರಿರಲಿಲ್ಲ. ಅದರೊಳಗಿಂದ ಒಡತಿಯ ದನಿ, ನೆರವಾಗುವ ಉತ್ಸಾಹದಿಂದ, ಹೊರಬಂತು.

"ಏನಂದ್ರು, ಬರ್ತೀನಿ ಅಂದ್ರಾ? ಅಯ್ಯೋ, ನಿನಗೆ ಗೊತ್ತಿಲ್ಲ ಕಣಮ್ಮ, ಅವರ ಕಡೆ ಹಾಗಂದ್ರೆ ಹೋಗ್ತೀನಿ ಅಂತ ಅರ್ಥ!"